ಕೊನೆಯವರು ಬರುವವರೆಗೆ

ನಮ್ಮ ಓಟದ ಕ್ಲಬ್ಬಿನಲ್ಲಿ ಈ ಮಳೆಗಾಲಕ್ಕೆ ಮುನ್ನ ಒಂದು ಪ್ರಸ್ತಾವ ಬಂದಿದೆ. ಭಾನುವಾರದ ದೀರ್ಘ ಓಟದಲ್ಲಿ ಹಿಂದುಳಿದವರಿಗಾಗಿ ಕಾಯುವ ವಾಡಿಕೆಯನ್ನು ಕೈಬಿಡಬೇಕು. ವೇಗಕ್ಕೆ ತಕ್ಕಂತೆ ಮೂರು ಗುಂಪು ಮಾಡಿ, ಒಂದೊಂದು ಗುಂಪೂ ತನ್ನ ಪಾಡಿಗೆ ತಾನು ಹೊರಟು ತನ್ನ ಪಾಡಿಗೆ ತಾನು ಮುಗಿಸಬೇಕು. ಮೂರನೆಯ ಗುಂಪಿಗಿಂತಲೂ ನಿಧಾನವಾದವರು ತಮ್ಮ ಅನುಕೂಲವನ್ನು ತಾವೇ ನೋಡಿಕೊಳ್ಳಬೇಕು ಎಂಬುದು ಅದರ ಸಾರ. ಜನವರಿಯ ಮುಂಬಯಿ ಮ್ಯಾರಥಾನಿಗೆ ಜುಲೈಯಿಂದಲೇ ತಯಾರಿ ಆರಂಭವಾಗುವುದರಿಂದ ತೀರ್ಮಾನವೂ ಈ ತಿಂಗಳೇ ಆಗಬೇಕಂತೆ. ಕ್ಲಬ್ಬಿನಲ್ಲಿರುವ ನಾವು ಆರು ಮಂದಿ ಕನ್ನಡಿಗರು ಇದನ್ನು ಒಪ್ಪುವುದಿಲ್ಲ. ಒಪ್ಪದಿರಲು ಇರುವ ಕಾರಣಗಳನ್ನು ಇಲ್ಲಿ ಬರೆಯಹೊರಟಿದ್ದೇವೆ. ಸಾಹಿತ್ಯದ ಚಾವಡಿಯಲ್ಲಿ ಓಟದ ಮಾತೇಕೆಂದು ಕೇಳುವವರು ಇರಬಹುದು. ಈ ಬಳಗದ ಓದುಗರಲ್ಲಿಯೇ ಪುಣೆ, ಹೈದರಾಬಾದು, ಚೆನ್ನೈಗಳಲ್ಲಿ ಭಾನುವಾರ ನಸುಕಿನಲ್ಲಿ ಬೂಟಿನ ದಾರ ಕಟ್ಟುವವರು ಸಾಕಷ್ಟಿದ್ದಾರೆಂಬುದನ್ನು ನಾವು ಬಲ್ಲೆವು. ಅವರ ಊರಿನ ಕ್ಲಬ್ಬುಗಳಿಗೂ ಈ ಪ್ರಶ್ನೆ ಇಂದಲ್ಲ ನಾಳೆ ಬಂದೇ ಬರುತ್ತದೆ.

ಭಾನುವಾರದ ಕ್ರಮವನ್ನು ಕಾಣದವರಿಗಾಗಿ ಅದರ ವಿವರವನ್ನಿಷ್ಟು ಹೇಳಬೇಕು. ಬೆಳಗಿನ ಐದೂಕಾಲಿಗೆ ದಾದರಿನ ಶಿವಾಜಿ ಪಾರ್ಕಿನ ಕಟ್ಟೆಯ ಬಳಿ ನಲವತ್ತರ ಆಸುಪಾಸಿನ ಜನ ಸೇರುತ್ತೇವೆ. ಮಾಟುಂಗಾ, ಸಾಯನ್ ಕಡೆಯವರು ಸ್ಕೂಟರಿನಲ್ಲಿ ಬರುತ್ತಾರೆ. ಠಾಣೆ, ಡೊಂಬಿವಲಿಯವರು ನಸುಕಿನ ಲೋಕಲ್ ಹಿಡಿದು ಬರುತ್ತಾರೆ. ಸಿದ್ಧಿವಿನಾಯಕ ಗುಡಿಯನ್ನು ದಾಟಿ ಪ್ರಭಾದೇವಿ, ಅಲ್ಲಿಂದ ವರ್ಲಿಯ ಕಡಲಂಚು, ಹಾಜಿ ಅಲಿ, ಪೆಡ್ಡರ್ ರಸ್ತೆಯ ಏರು, ಕೆಂಪ್ಸ್ ಕಾರ್ನರಿನ ಇಳಿಜಾರು, ಚೌಪಾಟಿ, ಕೊನೆಗೆ ಮೂರೂವರೆ ಕಿಲೋಮೀಟರಿನ ಮರೀನ್ ಡ್ರೈವ್. ಪೂರ್ತಿ ಹೋಗಿ ತಿರುಗಿ ಬಂದರೆ ಇಪ್ಪತ್ತೈದು ಕಿಲೋಮೀಟರನ್ನು ಮೀರುತ್ತದೆ. ಆ ಹೊತ್ತಿಗೆ ಪುಟ್‌ಪಾತಿನ ಮೇಲೆ ಪತ್ರಿಕೆಯ ಕಟ್ಟುಗಳನ್ನು ಬಿಚ್ಚಿ ಪುರವಣಿ ಸೇರಿಸುವವರು, ಹಾಲಿನ ಟ್ರೇ ಇಳಿಸುವವರು, ಕಸ ಗುಡಿಸುವ ಪಾಲಿಕೆಯ ಹೆಂಗಸರು ತಮ್ಮ ಕೆಲಸ ಆರಂಭಿಸಿರುತ್ತಾರೆ. ರಸ್ತೆ ಅವರದು, ಅರ್ಧ ತಾಸಿನ ಮಟ್ಟಿಗೆ ನಾವು ಅದರ ಮೇಲೆ ಹಾದುಹೋಗುವವರು. ಎಂಟಕ್ಕೆಲ್ಲ ತಿರುಗಿ ಬಂದು, ಮಾಟುಂಗಾದ ಉಡುಪಿ ಹೋಟೆಲಿನಲ್ಲಿ ಇಡ್ಲಿ ತಿಂದು, ಹಳಿ ದುರಸ್ತಿಯ ಮೆಗಾಬ್ಲಾಕ್ ಶುರುವಾಗುವ ಮುನ್ನ ರೈಲು ಹಿಡಿಯುವುದು ದೂರದವರ ಲೆಕ್ಕಾಚಾರ.

ಈವರೆಗಿನ ವಾಡಿಕೆ ಬಹು ಸರಳವಾದದ್ದು. ವರ್ಲಿಯಲ್ಲಿ ಒಮ್ಮೆ, ಹಾಜಿ ಅಲಿಯಲ್ಲಿ ಒಮ್ಮೆ ಮುಂದಿನವರು ನಿಲ್ಲುತ್ತಾರೆ. ಕೊನೆಯವರು ಬಂದು ನೀರು ಕುಡಿದ ಮೇಲೆ ಎಲ್ಲರೂ ಹೊರಡುತ್ತಾರೆ. ಓಟ ಮುಗಿದಾಗಲೂ ಅಷ್ಟೇ, ಕೊನೆಯವರು ಶಿವಾಜಿ ಪಾರ್ಕ್ ಸೇರುವ ತನಕ ಯಾರೂ ಚೀಲ ಎತ್ತುವುದಿಲ್ಲ. ಹಿರಿಯ ಓಟಗಾರರೊಬ್ಬರು ಆರಂಭಿಸಿದ ಈ ಪದ್ಧತಿ ಬರಹದಲ್ಲಿ ಎಲ್ಲಿಯೂ ಇಲ್ಲ. ಬರಹದಲ್ಲಿ ಇಲ್ಲದ್ದರಿಂದಲೇ ಅದನ್ನು ಅಳಿಸಹೊರಟಿರುವುದು ಇಷ್ಟು ಸುಲಭವಾಗಿದೆ.

ವೇಗದವರ ದೂರನ್ನು ನಾವು ಹಗುರವಾಗಿ ಕಾಣುವುದಿಲ್ಲ. ಅವರು ಹೇಳುವುದರಲ್ಲಿ ಹುರುಳಿದೆ. ಬೆವರಿದ ಮೈಯಲ್ಲಿ ಹತ್ತು ಹದಿನೈದು ನಿಮಿಷ ನಿಂತರೆ ಸ್ನಾಯು ಬಿಗಿಯುತ್ತದೆ, ಮತ್ತೆ ಲಯ ಹಿಡಿಯಲು ಒಂದೆರಡು ಕಿಲೋಮೀಟರು ಬೇಕಾಗುತ್ತದೆ. ಮುಂಬಯಿಯಲ್ಲಿ ಏಳು ಗಂಟೆ ದಾಟಿತೆಂದರೆ ಬಿಸಿಲು ಏರುತ್ತದೆ, ಆದ್ದರಿಂದ ಕಾದ ಒಂದೊಂದು ನಿಮಿಷಕ್ಕೂ ಬೆಲೆಯಿದೆ. ವಾರದ ಆರು ದಿನ ಕಚೇರಿಗೆ, ಲೋಕಲಿಗೆ, ಮಕ್ಕಳ ಶಾಲೆಗೆ ಹಂಚಿಹೋದವರಿಗೆ ಈ ಮೂರು ಗಂಟೆಯೇ ಸ್ವಂತದ್ದು; ಅದರಲ್ಲಿಯೂ ಬೇರೆಯವರಿಗಾಗಿ ಕಾಯಬೇಕೆ ಎಂಬ ಅವರ ಪ್ರಶ್ನೆಯಲ್ಲಿ ಸ್ವಾರ್ಥಕ್ಕಿಂತ ದಣಿವೇ ಹೆಚ್ಚಾಗಿದೆ. ಮೂರೂವರೆ ತಾಸಿನೊಳಗೆ ಮ್ಯಾರಥಾನ್ ಮುಗಿಸಬೇಕೆಂದು ವರ್ಷಗಟ್ಟಲೆ ದುಡಿಯುತ್ತಿರುವ ತರುಣರು ನಮ್ಮಲ್ಲಿದ್ದಾರೆ. ಅವರ ಶ್ರಮವನ್ನು ಗೌರವಿಸದ ಕ್ಲಬ್ಬು ಕ್ಲಬ್ಬೇ ಅಲ್ಲ.

ಆದರೆ ದೀರ್ಘ ಓಟ ಏತಕ್ಕಾಗಿ ಎಂಬುದನ್ನು ಮೊದಲು ಇತ್ಯರ್ಥ ಮಾಡಿಕೊಳ್ಳಬೇಕು. ಮ್ಯಾರಥಾನಿನ ದೂರ 42.195 ಕಿಲೋಮೀಟರು. ನಮ್ಮ ಸ್ನಾಯುಗಳಲ್ಲಿ ಮತ್ತು ಯಕೃತ್ತಿನಲ್ಲಿ ಗ್ಲೈಕೋಜನ್ ರೂಪದಲ್ಲಿ ಸಂಗ್ರಹವಾಗಿರುವ ಸಕ್ಕರೆಯ ಶಕ್ತಿ ಸುಮಾರು ಮೂವತ್ತು ಕಿಲೋಮೀಟರಿನವರೆಗೆ ಸಾಲುತ್ತದೆ. ಅದು ಬರಿದಾದಾಗ ಕಾಲು ಕಲ್ಲಾಗುತ್ತದೆ. ಓಟಗಾರರು ಇದನ್ನು ಗೋಡೆಗೆ ಬಡಿದಂತೆ ಎಂದು ವರ್ಣಿಸುತ್ತಾರೆ. ಮುಂಬಯಿಯಲ್ಲಂತೂ ಆ ಗೋಡೆಯ ಹಿಂದೆಯೇ ಪೆಡ್ಡರ್ ರಸ್ತೆಯ ಏರು ಬಂದು ನಿಲ್ಲುತ್ತದೆ. ವಾರಕ್ಕೊಮ್ಮೆ ದೀರ್ಘವಾಗಿ, ನಿಧಾನವಾಗಿ ಓಡುವುದರಿಂದ ದೇಹ ಕೊಬ್ಬನ್ನು ಹೆಚ್ಚು ಉರಿಸಿ ಸಕ್ಕರೆಯನ್ನು ಉಳಿಸುವುದನ್ನು ಕಲಿಯುತ್ತದೆ. ಸ್ನಾಯುವಿನೊಳಗಿನ ಸೂಕ್ಷ್ಮ ರಕ್ತನಾಳಗಳು ಹೆಚ್ಚುತ್ತವೆ, ಜೀವಕೋಶಗಳ ಮೈಟೊಕಾಂಡ್ರಿಯಗಳು ಹೆಚ್ಚುತ್ತವೆ. ಇವೆಲ್ಲವೂ ನಿಧಾನದ ಫಲಗಳು. ಆದ್ದರಿಂದಲೇ ತರಬೇತುದಾರರು ದೀರ್ಘ ಓಟವನ್ನು ಸ್ಪರ್ಧೆಯ ವೇಗಕ್ಕಿಂತ ಕಿಲೋಮೀಟರಿಗೆ ಒಂದು ನಿಮಿಷದಷ್ಟು ನಿಧಾನವಾಗಿ ಓಡಿ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಪಕ್ಕದವರೊಡನೆ ಪೂರ್ಣ ವಾಕ್ಯದಲ್ಲಿ ಮಾತಾಡಲು ಸಾಧ್ಯವಾಗಬೇಕೆಂಬುದು ಹಳೆಯ ಅಳತೆಗೋಲು. ಕನ್ನಡದ ಪೂರ್ಣ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆಯಾದ್ದರಿಂದ ನಮಗೆ ಈ ಪರೀಕ್ಷೆ ತುಸು ಕಠಿಣವೇ.

ಭಾನುವಾರದ ಓಟ ನಮ್ಮಲ್ಲಿ ಹಲವರಿಗೆ ಈಗ ವಾರವಾರದ ಪಂದ್ಯವಾಗಿಬಿಟ್ಟಿದೆ. ವರ್ಲಿಯಿಂದ ಹಾಜಿ ಅಲಿಯವರೆಗೆ ಯಾರು ಎಷ್ಟು ನಿಮಿಷದಲ್ಲಿ ಹೋದರೆಂಬುದನ್ನು ಸ್ಟ್ರಾವಾ ಪಟ್ಟಿ ಮಾಡಿ ತೋರಿಸುತ್ತದೆ. ಇಡ್ಲಿ ಬರುವುದರೊಳಗೆ ಆ ಪಟ್ಟಿಯ ಚರ್ಚೆ ಮುಗಿದಿರುತ್ತದೆ. ಗಡಿಯಾರವನ್ನು ನಾವು ದೂರುವುದಿಲ್ಲ, ನಮ್ಮ ಕೈಗಳಲ್ಲಿಯೂ ಅದಿದೆ. ಆದರೆ ಕಾಯುವುದರಿಂದ ತರಬೇತಿ ಕೆಡುತ್ತದೆಂದು ಹೇಳುವವರು ಪ್ರತಿ ಭಾನುವಾರ ಪಂದ್ಯದ ವೇಗದಲ್ಲಿ ಓಡಿ ಬುಧವಾರದವರೆಗೆ ಮೊಣಕಾಲಿಗೆ ಮಂಜುಗಡ್ಡೆ ಕಟ್ಟಿಕೊಂಡಿರುವುದನ್ನೂ ನಾವು ಕಂಡಿದ್ದೇವೆ.

ಈ ವಿಷಯದಲ್ಲಿ ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡ್ ಎಂಬ ತರಬೇತುದಾರನ ಕಥೆ ನೆನೆಯತಕ್ಕದ್ದು. ಆಕ್ಲೆಂಡಿನಲ್ಲಿ ತನ್ನ ನೆರೆಹೊರೆಯ ಹುಡುಗರನ್ನು ಕೂಡಿಸಿಕೊಂಡು ಆತ ಪ್ರತಿ ಭಾನುವಾರ ವೈಟಾರುವಾ ಬೆಟ್ಟದ ಸುತ್ತ 22 ಮೈಲಿ, ಅಂದರೆ ಸುಮಾರು 35 ಕಿಲೋಮೀಟರು ಓಡಿಸುತ್ತಿದ್ದ. 800 ಮೀಟರಿನ ಓಟಗಾರ ಪೀಟರ್ ಸ್ನೆಲ್, 5000 ಮೀಟರಿನ ಮರ್ರಿ ಹಾಲ್‌ಬರ್ಗ್ ಎಲ್ಲರಿಗೂ ಅದೇ ಬೆಟ್ಟ, ಅದೇ ಭಾನುವಾರ. 1960ರ ರೋಮ್ ಒಲಿಂಪಿಕ್ಸಿನಲ್ಲಿ ಒಂದೇ ದಿನ, ಒಂದು ತಾಸಿನ ಆಸುಪಾಸಿನಲ್ಲಿ, ಇವರಿಬ್ಬರೂ ಚಿನ್ನ ಗೆದ್ದರು. ಲಿಡಿಯಾರ್ಡನ ಹೆಸರು ಜಗತ್ತಿಗೆ ತಿಳಿದದ್ದು ಆಗ. ನಮ್ಮ ವಾದಕ್ಕೆ ಬೇಕಾದದ್ದು ಅದರ ಮುಂದಿನ ಭಾಗ. ಅದೇ ಮನುಷ್ಯ ಬೊಜ್ಜು ಬಂದ ನಡುವಯಸ್ಕರನ್ನೂ ಹೃದಯದ ಕಾಯಿಲೆಯಿಂದ ಎದ್ದವರನ್ನೂ ಕೂಡಿಸಿ ನಿಧಾನದ ಓಟವನ್ನು ಕಲಿಸಿದ. ಹೃದಯಾಘಾತವಾದವರು ಮಂಚ ಬಿಡಬಾರದೆಂದು ವೈದ್ಯರು ಹೇಳುತ್ತಿದ್ದ ಕಾಲವದು.

1962ರ ಕೊನೆಯಲ್ಲಿ ಅಮೆರಿಕದ ಓರೆಗಾನ್ ವಿಶ್ವವಿದ್ಯಾಲಯದ ತರಬೇತುದಾರ ಬಿಲ್ ಬೋವರ್‌ಮನ್ ಆಕ್ಲೆಂಡಿಗೆ ಬಂದ. ಐವತ್ತು ದಾಟಿದ್ದ, ತನ್ನ ದೇಶದಲ್ಲಿ ಬಲು ಹೆಸರಾಗಿದ್ದ ಆತನನ್ನು ಲಿಡಿಯಾರ್ಡ್ ಭಾನುವಾರದ ಗುಂಪಿನೊಡನೆ ಓಟಕ್ಕೆ ಕರೆದೊಯ್ದ. ಅರ್ಧ ಮೈಲಿ ಆಗುವಷ್ಟರಲ್ಲಿ ಬೋವರ್‌ಮನ್ನನ ಉಸಿರು ಕಟ್ಟಿತು, ಗುಂಪು ಮುಂದೆ ಹೋಯಿತು. ಎಪ್ಪತ್ತು ದಾಟಿದ, ಹೃದಯಾಘಾತಗಳನ್ನು ಕಂಡಿದ್ದ ಒಬ್ಬ ಮುದುಕ ಮಾತ್ರ ತನ್ನ ಹೆಜ್ಜೆಯನ್ನು ತಗ್ಗಿಸಿ ಆತನ ಜೊತೆಗೆ ಉಳಿದ, ಮಾತಾಡುತ್ತಾ ದಾರಿ ತೋರಿಸಿ ಕರೆತಂದ. ಆ ಕೆಲವು ವಾರಗಳಲ್ಲಿ ನಿಧಾನದ ಓಟವನ್ನು ಕಲಿತು ಹೋದ ಬೋವರ್‌ಮನ್ ತನ್ನ ಊರಿನಲ್ಲಿ ಜನಸಾಮಾನ್ಯರನ್ನು ಕರೆದು ಓಡಿಸಲಾರಂಭಿಸಿದ, ಒಬ್ಬ ಹೃದ್ರೋಗ ತಜ್ಞರ ಜೊತೆಗೂಡಿ ಜಾಗಿಂಗ್ ಕುರಿತು ಪುಸ್ತಕವನ್ನೂ ಬರೆದ. ಅಮೆರಿಕದಲ್ಲಿ ಜಾಗಿಂಗ್ ಎಂಬುದು ಮನೆಮಾತಾದದ್ದು ಬಹುಮಟ್ಟಿಗೆ ಹೀಗೆ. ನಮ್ಮ ಪ್ರಸ್ತಾವದ ಪ್ರಕಾರ ಅಂದು ಬೋವರ್‌ಮನ್ ಮೂರನೆಯ ಗುಂಪಿಗೂ ಸೇರದವನು. ತನ್ನ ಅನುಕೂಲವನ್ನು ತಾನೇ ನೋಡಿಕೊಳ್ಳಬೇಕಾಗಿದ್ದವನು.

ಕೀನ್ಯದವರು ಯಾರಿಗೂ ಕಾಯುವುದಿಲ್ಲವಲ್ಲ ಎಂದು ಒಬ್ಬರು ಕೇಳಿದರು. ನಿಜ, ಅಲ್ಲಿನ ಬೆಟ್ಟದ ಊರುಗಳಲ್ಲಿ ಹಿಂದುಳಿದವನನ್ನು ಬಿಟ್ಟು ಗುಂಪು ಮುಂದೆ ಹೋಗುತ್ತದೆ. ಅವರಿಗೆ ಓಟ ಹೊಟ್ಟೆಪಾಡು. ಸಾವಿರಾರು ತರುಣರಲ್ಲಿ ಬೆರಳೆಣಿಕೆಯವರಿಗೆ ಮಾತ್ರ ವಿದೇಶದ ಪಂದ್ಯದ ಬಾಗಿಲು ತೆರೆಯುತ್ತದೆ. ಬ್ಯಾಂಕಿನಲ್ಲಿ, ಬಂದರಿನಲ್ಲಿ, ಸಾಫ್ಟ್‌ವೇರಿನಲ್ಲಿ ಸಂಬಳ ಪಡೆದು ಭಾನುವಾರ ಓಡಲು ಬರುವ ನಾವು ಅವರ ಕಠೋರತೆಯನ್ನಷ್ಟೇ ಎರವಲು ತರುವುದು ಚೆಂದವಲ್ಲ.

ಈಗ ಈ ಬರಹಕ್ಕೆ ನಮ್ಮನ್ನು ನೂಕಿದ ಸಂಗತಿಗೆ ಬರುತ್ತೇವೆ. ನಮ್ಮ ಆರು ಮಂದಿಯಲ್ಲಿ ಎಲ್ಲರಿಗಿಂತ ನಿಧಾನವಾಗಿ ಓಡುವವರು ಡೊಂಬಿವಲಿಯ ಅಕ್ಕ. ಧಾರವಾಡದ ಕಡೆಯವರು, ಐವತ್ತಮೂರರ ವಯಸ್ಸು, ಮದುವೆಯಾಗಿ ಬಂದು ಮೂವತ್ತು ವರ್ಷ ಈ ಊರಿನಲ್ಲಿ ಬಾಳಿದವರು. ಸಕ್ಕರೆ ಕಾಯಿಲೆ ಹೊಸ್ತಿಲಿಗೆ ಬಂದಿದೆಯೆಂದು ವೈದ್ಯರು ಎಚ್ಚರಿಸಿದ ಮೇಲೆ ನಡೆಯಲು ಶುರುಮಾಡಿ, ನಡಿಗೆ ಓಟವಾಗಿ, ಈಗ ಕಿಲೋಮೀಟರಿಗೆ ಒಂಬತ್ತು ನಿಮಿಷದಂತೆ ಎರಡೂವರೆ ತಾಸು ಬಿಡದೆ ಓಡುತ್ತಾರೆ. ಬರುವ ಜನವರಿಯಲ್ಲಿ ಅರ್ಧ ಮ್ಯಾರಥಾನಿಗೆ ಹೆಸರು ಕೊಡುವ ಮನಸ್ಸಿದೆ. ಪ್ರಸ್ತಾವದ ಸುದ್ದಿ ಕೇಳಿದಾಗ ಅವರು ಸಿಟ್ಟಾಗಲಿಲ್ಲ. "ಹೋಗ್ರಿ ಮುಂದ, ನನ್ನ ಸಲುವಾಗಿ ಯಾಕ ಕಾಯ್ತೀರಿ" ಎಂದರು. ಸ್ವಲ್ಪ ಹೊತ್ತಿನ ಮೇಲೆ, ನಾವು ಒತ್ತಾಯಿಸಿ ಕೇಳಿದ್ದಕ್ಕೆ, ಹೇಳಿದರು: "ಕತ್ತಲಾಗ ನಾಯಿ ಬಂದ್ರ ನಾ ಹೆದರಂಗಿಲ್ಲ ನೋಡ್ರಿ. ಹಿಂದಿಂದ ಬಂದ ಗಾಡಿ ಮಗ್ಗಲಿಗೆ ಬಂದು ಸಾವಕಾಶ ಆತಂದ್ರ ಎದಿ ಝಲ್ಲಂತದ."

ಈ ಮಾತನ್ನು ಕೇಳಿದ ಮೇಲೆ ನಾವು ಗಂಡಸರು ನಾಲ್ವರೂ ಒಂದು ಗಳಿಗೆ ಸುಮ್ಮನಾದೆವು. ನಮ್ಮಲ್ಲಿನ ಇನ್ನೊಬ್ಬ ಹೆಂಗಸು, ವೇಗವಾಗಿ ಓಡುವ ತರುಣಿ, ತಲೆಯಾಡಿಸಿದರು. ಅವರಿಗೆ ವಿವರಿಸುವ ಅಗತ್ಯವಿರಲಿಲ್ಲ. ಮಳೆಗಾಲ ಕಳೆದು ಅಕ್ಟೋಬರಿನಿಂದ ಜನವರಿಯವರೆಗೆ, ಅಂದರೆ ತಯಾರಿಯ ಅತಿ ಮುಖ್ಯವಾದ ತಿಂಗಳುಗಳಲ್ಲಿ, ಐದೂಕಾಲರಿಂದ ಸುಮಾರು ಒಂದು ತಾಸು ಕತ್ತಲೆಯಲ್ಲಿಯೇ ಓಡಬೇಕಾಗುತ್ತದೆ. ವೇಗದವರು ವರ್ಲಿ ದಾಟುವಾಗ ಅಕ್ಕ ಇನ್ನೂ ಪ್ರಭಾದೇವಿಯಲ್ಲಿರುತ್ತಾರೆ. ಗುಂಪಿನ ಹಿಂದಿನ ತುದಿ ಕಡಿದುಹೋದರೆ ಅವರ ಪಾಲಿಗೆ ಕ್ಲಬ್ಬೇ ಇಲ್ಲವಾದಂತೆ. ಒಬ್ಬರೇ ಓಡುವುದಾದರೆ ಡೊಂಬಿವಲಿಯಲ್ಲಿಯೇ ಓಡಬಹುದಿತ್ತು, ಸೂರ್ಯ ಹುಟ್ಟಿದ ಮೇಲೆ. ಸೂರ್ಯ ಹುಟ್ಟಿದ ಮೇಲೆ ಓಡಿದರೆ ಅಲ್ಲಿನ ಸಂದಣಿ, ಮನೆಯ ಕೆಲಸ, ಬಿಸಿಲು. ಈ ನಗರದಲ್ಲಿ ದೂರ ಓಡಲು ಬಯಸುವ ಹೆಣ್ಣುಮಕ್ಕಳಿಗೆ ಗುಂಪೆಂಬುದು ಉತ್ಸಾಹದ ಮಾತಲ್ಲ. ರಸ್ತೆಗೆ ಇಳಿಯಲು ಬೇಕಾದ ಕನಿಷ್ಠ ಷರತ್ತು ಅದು. ಪ್ರಸ್ತಾವ ತಂದವರಲ್ಲಿ ಕೆಡುಕಿನ ಮನಸ್ಸಿನವರು ಯಾರೂ ಇಲ್ಲ. ಆದರೆ ಮೂರು ಗುಂಪುಗಳ ಪಟ್ಟಿ ಬರೆಯುವಾಗ ಅವರ ಮುಂದೆ ಇದ್ದದ್ದು ನಿಮಿಷಗಳ ಅಂಕಣ ಮಾತ್ರ.

ಇನ್ನೊಂದು ಕಾರಣ ದೇಹಕ್ಕೆ ಸಂಬಂಧಿಸಿದ್ದು, ಗಂಡು ಹೆಣ್ಣೆಂಬ ಭೇದವಿಲ್ಲದ್ದು. ಕಡಲ ದಂಡೆಯ ಗಾಳಿಯಲ್ಲಿ ತೇವ ಹೆಚ್ಚಾಗಿರುವುದರಿಂದ ಬೆವರು ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಪುಣೆಯ ಓಟಗಾರರು ಇಲ್ಲಿಗೆ ಬಂದಾಗ ಅದೇ ವೇಗಕ್ಕೆ ಎದೆಬಡಿತ ಏಕೆ ಇಷ್ಟು ಹೆಚ್ಚಿತೆಂದು ಬೆರಗಾಗುತ್ತಾರೆ. ಓಟದ ನಡುವೆ ದೇಹದ ಕಾವು ಮಿತಿ ಮೀರಿದಾಗ ಮೊದಲು ಕೆಡುವುದು ವಿವೇಚನೆ. ಮಾತು ತೊದಲುತ್ತದೆ, ಹೆಜ್ಜೆ ಅಡ್ಡಾದಿಡ್ಡಿಯಾಗುತ್ತದೆ, ಆದರೆ ಓಡುವವರಿಗೆ ತಾನು ಸರಿಯಾಗಿದ್ದೇನೆಂದೇ ತೋರುತ್ತಿರುತ್ತದೆ. ಅದನ್ನು ಕಾಣಬಲ್ಲವರು ಪಕ್ಕದಲ್ಲಿರುವವರು ಮಾತ್ರ. ಅಂಥವರನ್ನು ನೆರಳಿಗೆ ತಂದು ಮೈಗೆಲ್ಲ ತಣ್ಣೀರು ಸುರಿದು, ಮಂಜುಗಡ್ಡೆ ಸಿಕ್ಕರೆ ಒತ್ತಿ, ತಡಮಾಡದೆ ತಂಪು ಮಾಡುವುದರ ಮೇಲೆ ಜೀವ ನಿಂತಿರುತ್ತದೆ. ನಿಧಾನದವರಿಗೆ ಎದುರಾಗುವ ಇನ್ನೊಂದು ಅಪಾಯವೂ ಉಂಟು. ನಾಲ್ಕು ತಾಸಿಗೂ ಮಿಕ್ಕಿ ರಸ್ತೆಯ ಮೇಲಿದ್ದು, ಸಿಕ್ಕಲ್ಲೆಲ್ಲ ಬರಿಯ ನೀರನ್ನೇ ಕುಡಿಯುತ್ತ ಹೋದರೆ ರಕ್ತದಲ್ಲಿನ ಸೋಡಿಯಂ ತಗ್ಗಿ ತಲೆನೋವು, ವಾಂತಿ, ಗೊಂದಲ ಕಾಣಿಸಿಕೊಳ್ಳುತ್ತವೆ. ಇದಕ್ಕೆ ಬೇಗ ಮುಗಿಸುವವರಿಗಿಂತ ತಡವಾಗಿ ಮುಗಿಸುವವರೇ ಹೆಚ್ಚು ತುತ್ತಾಗುತ್ತಾರೆ. ಹೆಚ್ಚು ಹೊತ್ತು ಬಿಸಿಲಲ್ಲಿ ಇರುವವರು, ಹೆಚ್ಚು ಹೊತ್ತು ದಣಿಯುವವರು ಹಿಂದಿನವರೇ. ಅವರನ್ನೇ ಒಂಟಿಯಾಗಿ ಬಿಟ್ಟು ಮುಂದಿನವರಿಗೆ ಜೊತೆ ಒದಗಿಸುವುದು ತಲೆಕೆಳಗಾದ ಏರ್ಪಾಡು.

ಹಾಗಾದರೆ ವೇಗದವರು ಹತ್ತು ನಿಮಿಷ ನಿಂತು ಬಿಗಿಯಬೇಕೆ? ಬೇಕಿಲ್ಲ. ದೂರದ ಬದಲು ಹೊತ್ತನ್ನು ಅಳತೆಯಾಗಿ ಇಟ್ಟುಕೊಂಡರೆ ತೊಡಕಿನ ಅರ್ಧ ಭಾಗ ಬಗೆಹರಿಯುತ್ತದೆ. ಎಲ್ಲರೂ ಒಟ್ಟಿಗೆ ಹೊರಟು, 75 ನಿಮಿಷವಾದ ಕೂಡಲೇ ಎಲ್ಲಿದ್ದರೆ ಅಲ್ಲಿಯೇ ತಿರುಗುವುದು. ಕಿಲೋಮೀಟರಿಗೆ ಆರು ನಿಮಿಷದವರು ಹನ್ನೆರಡೂವರೆ ಕಿಲೋಮೀಟರಿನಲ್ಲಿ ತಿರುಗುತ್ತಾರೆ, ಅವರಿಗೆ ಒಟ್ಟು 25 ಆಗುತ್ತದೆ. ಏಳೂವರೆ ನಿಮಿಷದವರಿಗೆ 20. ನಮ್ಮ ಅಕ್ಕ ಎಂಟು ಚಿಲ್ಲರೆಯಲ್ಲಿ, ಹಾಜಿ ಅಲಿಯ ಆಸುಪಾಸಿನಲ್ಲಿ ತಿರುಗಿದರೆ ಅವರಿಗೆ ಹದಿನಾರೂವರೆ. ವೇಗವನ್ನು ಒಂದೇ ಸಮನಾಗಿ ಕಾಯ್ದುಕೊಂಡರೆ ಎಲ್ಲರೂ ಎರಡೂವರೆ ತಾಸಿಗೆ ಶಿವಾಜಿ ಪಾರ್ಕಿನಲ್ಲಿರುತ್ತಾರೆ. ತಿರುಗಿದ ಮೇಲೆ ಹಿಂದಿದ್ದವರು ಮುಂದಾಗುವುದರಿಂದ ವೇಗದವರಿಗೆ ಬೆನ್ನಟ್ಟುವ ಗುರಿಯೂ ಸಿಕ್ಕಂತಾಗುತ್ತದೆ, ನಿಧಾನದವರ ಬೆನ್ನಿಗೆ ಇಡೀ ಕ್ಲಬ್ಬು ಇದ್ದಂತೆಯೂ ಆಗುತ್ತದೆ. ಆರಂಭದಲ್ಲಿಯೇ ಉಬ್ಬಿ ಓಡಿದವರು ಕೊನೆಗೆ ತಡವಾಗಿ ಬಂದು ಸಿಕ್ಕಿಬೀಳುವರೆಂಬುದು ಇದರಲ್ಲಿ ಅಡಗಿರುವ ಚಿಕ್ಕ ಪಾಠ. ಮೂವತ್ತೆರಡು ಕಿಲೋಮೀಟರು ಬೇಕಾದವರು ಮುಂಚಿತವಾಗಿ ಬಂದು ಪಾರ್ಕಿನ ಸುತ್ತ ಐದಾರು ಸುತ್ತು ಹಾಕಿ ನಮ್ಮನ್ನು ಕೂಡಿಕೊಳ್ಳಬಹುದು. ಒಂದೊಂದು ಸುತ್ತು ಒಂದು ಕಿಲೋಮೀಟರಿಗೆ ತುಸು ಹೆಚ್ಚು.

ಉಳಿದ ಅರ್ಧ ತೊಡಕು ಹೋಗುವಾಗಿನ ಕತ್ತಲೆಯದು. ಅದಕ್ಕೆ ಜೊತೆಗಾರರು ಬೇಕು. ಪ್ರತಿ ಭಾನುವಾರ ಇಬ್ಬರು ತಮ್ಮ ವೇಗವನ್ನು ಬದಿಗಿಟ್ಟು ಕೊನೆಯವರ ಜೊತೆ ಓಡುವುದು. ವರ್ಷಕ್ಕೆ 52 ಭಾನುವಾರ, ನಲವತ್ತು ಜನ. ಲೆಕ್ಕ ಹಾಕಿದರೆ ಒಬ್ಬೊಬ್ಬರಿಗೆ ವರ್ಷಕ್ಕೆ ಎರಡೋ ಮೂರೋ ಸರದಿ ಬರುತ್ತದೆ. ಮೂರು ನಾಲ್ಕು ವಾರಕ್ಕೊಮ್ಮೆ ದೂರವನ್ನೂ ವೇಗವನ್ನೂ ತಗ್ಗಿಸಿ ದೇಹಕ್ಕೆ ಬಿಡುವು ಕೊಡಬೇಕೆಂಬುದು ಎಲ್ಲ ತರಬೇತಿ ಪಟ್ಟಿಗಳಲ್ಲಿಯೂ ಇದೆ. ಆ ವಾರವನ್ನೇ ಸರದಿಯಾಗಿ ಕೊಟ್ಟರೆ ಯಾರ ಮ್ಯಾರಥಾನೂ ಕೆಡುವುದಿಲ್ಲ.

ಹಿಂದುಳಿದವರಿಗೆ ಕಾಯುವುದರಿಂದ ಗುಣಮಟ್ಟ ತಗ್ಗುತ್ತದೆಂಬ ಮಾತು ಮುಂಬಯಿ ಕನ್ನಡಿಗರ ಕಿವಿಗೆ ಬೇರೊಂದು ರೀತಿಯಲ್ಲಿ ಕೇಳಿಸುತ್ತದೆ. ಫೋರ್ಟಿನ ಕನ್ನಡ ರಾತ್ರಿ ಶಾಲೆಗಳನ್ನು ಬಲ್ಲ ಹಿರಿಯರು ನಮ್ಮ ನಡುವೆ ಇನ್ನೂ ಇದ್ದಾರೆ. ಕರಾವಳಿಯಿಂದ ಬಂದ ಹುಡುಗರು ಹಗಲೆಲ್ಲ ಹೋಟೆಲಿನಲ್ಲಿ ತಟ್ಟೆ ತೊಳೆದು, ಕ್ಯಾಂಟೀನಿನಲ್ಲಿ ಚಹಾ ಹೊತ್ತು, ಸಂಜೆ ಪುಸ್ತಕ ಹಿಡಿದು ಹೋಗುತ್ತಿದ್ದ ಶಾಲೆಗಳವು. ನಮ್ಮಲ್ಲೊಬ್ಬರ ತಂದೆ ಹಾಗೆಯೇ ಮೆಟ್ರಿಕ್ ಮುಗಿಸಿದವರು. ಪಾಠದ ಹೊತ್ತು ನಿಗದಿಯಾದದ್ದು ಹುಡುಗರ ದುಡಿಮೆಯ ಹೊತ್ತನ್ನು ನೋಡಿ. ದಣಿದು ಬಂದವರು ಬೆಂಚಿನ ಮೇಲೆ ತೂಕಡಿಸಿದರೂ ಶಾಲೆ ಅವರನ್ನು ಹೊರಗಿಡಲಿಲ್ಲ. ಅಲ್ಲಿಂದ ವಕೀಲರು ಬಂದರು, ಬ್ಯಾಂಕಿನವರು ಬಂದರು, ಲೇಖಕರೂ ಬಂದರು. ಇಲ್ಲಿನ ಕನ್ನಡ ಸಂಸ್ಥೆಗಳ ಹಲವು ಕಟ್ಟಡಗಳ ಇಟ್ಟಿಗೆಯಲ್ಲಿ ಅವರ ಸಂಪಾದನೆಯಿದೆ. ಓಟ ಶಾಲೆಯಲ್ಲವೆಂದು ಯಾರಾದರೂ ಹೇಳಬಹುದು. ಹೇಳಲಿ. ಮೊದಲ ಹೆಜ್ಜೆಯಿಡಲು ತಡವಾದವರನ್ನು ಯಾವ ಅಳತೆಯಲ್ಲಿ ಅಳೆಯುತ್ತೇವೆಂಬ ಪ್ರಶ್ನೆ ಎರಡೂ ಕಡೆ ಒಂದೇ.

ಇನ್ನು ಕನ್ನಡ ನಾಡಿನವರಿಗೆ ಈ ದೂರದ ಓಟ ಹೊಸದೇನೂ ಅಲ್ಲ. 1920ರಲ್ಲಿ ಆಂಟ್‌ವರ್ಪ್ ಒಲಿಂಪಿಕ್ಸಿಗೆ ಭಾರತದಿಂದ ಹೋದ ಚಿಕ್ಕ ತಂಡದಲ್ಲಿ ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆ ಇದ್ದರು. ಪುಣೆಯ ಡೆಕ್ಕನ್ ಜಿಮಖಾನಾದ ಕ್ರೀಡಾಕೂಟದಲ್ಲಿ ಬರಿಗಾಲಿನಲ್ಲಿ ಓಡುವ ಹಳ್ಳಿಗರನ್ನು ಕಂಡು ಮೆಚ್ಚಿದ ದೊರಾಬ್ಜಿ ಟಾಟಾ ಆ ತಂಡದ ಹಿಂದೆ ನಿಂತಿದ್ದರು. ಅಂದಿನ ಮ್ಯಾರಥಾನಿನ ದೂರ ಈಗಿನದಕ್ಕಿಂತ ಹೆಚ್ಚು, 42.75 ಕಿಲೋಮೀಟರು. ಚೌಗುಲೆ ಅದನ್ನು 2 ಗಂಟೆ 50 ನಿಮಿಷದಲ್ಲಿ ಮುಗಿಸಿ 19ನೆಯವರಾದರು. ಮೊದಲಿಗರಾದ ಫಿನ್‌ಲೆಂಡಿನ ಹಾನ್ನೆಸ್ ಕೋಲೆಹ್ಮೈನೆನ್ ಅವರಿಗಿಂತ ಸುಮಾರು 18 ನಿಮಿಷ ಹಿಂದೆ. ಬೆಳಗಾವಿ, ಪುಣೆ, ಮುಂಬಯಿ ಒಂದೇ ಪ್ರಾಂತ್ಯವಾಗಿದ್ದ ದಿನಗಳು ಅವು. ಈ ಹೆಸರನ್ನು ನಮ್ಮ ಕ್ಲಬ್ಬಿನ ಮರಾಠಿ ಗೆಳೆಯರಿಗೆ ಹೇಳಿದಾಗ ಅವರು ಚೌಗುಲೆ ತಮ್ಮವರೆಂದರು, ನಾವು ನಮ್ಮವರೆಂದೆವು. ಆ ಜಗಳ ಹಾಜಿ ಅಲಿಯಿಂದ ಕೆಂಪ್ಸ್ ಕಾರ್ನರಿನವರೆಗೆ ನಡೆದು ಏರು ಹತ್ತಿದ್ದೇ ತಿಳಿಯಲಿಲ್ಲ.

ನಿಜ ಹೇಳಬೇಕೆಂದರೆ ಇಂಥ ಮಾತಿಗಾಗಿಯೂ ನಾವು ಹೋಗುತ್ತೇವೆ. ವಾರವಿಡೀ ಹಿಂದಿ, ಇಂಗ್ಲಿಷು, ಮರಾಠಿಯಲ್ಲಿ ಬದುಕುವವರಿಗೆ ಎರಡೂವರೆ ತಾಸು ಕನ್ನಡ ಆಡಲು ಸಿಗುವ ಜಾಗಗಳು ಎಷ್ಟಿವೆ? ಸಂಘದ ವಾರ್ಷಿಕೋತ್ಸವದಲ್ಲಿ ವೇದಿಕೆಯ ಮೇಲಿನವರು ಮಾತಾಡುತ್ತಾರೆ, ಕುರ್ಚಿಯಲ್ಲಿ ಕುಳಿತವರು ಕೇಳುತ್ತಾರೆ. ರಸ್ತೆಯ ಮೇಲೆ ವೇದಿಕೆಯಿಲ್ಲ. ಧಾರವಾಡದ ಕನ್ನಡ, ಕುಂದಾಪುರದ ಕನ್ನಡ, ಮನೆಯಲ್ಲಿ ತುಳು ಆಡುವವರ ಕನ್ನಡ, ಇಲ್ಲಿಯೇ ಹುಟ್ಟಿ ಓದಲು ಬಾರದವರ ಕನ್ನಡ ಎಲ್ಲವೂ ಅಕ್ಕಪಕ್ಕ ಓಡುತ್ತವೆ. ವೇಗದ ಪ್ರಕಾರ ಒಡೆದರೆ ನಾವು ಆರು ಮಂದಿ ಮೂರು ಕಡೆ ಹಂಚಿಹೋಗುತ್ತೇವೆ, ಅಕ್ಕ ಯಾವ ಕಡೆಯೂ ಇಲ್ಲದಂತಾಗುತ್ತಾರೆ. ಇದು ನಮ್ಮ ಸ್ವಂತದ ನಷ್ಟ. ಕ್ಲಬ್ಬಿನ ಮುಂದೆ ಇದನ್ನು ವಾದವಾಗಿ ಇಡುವುದಿಲ್ಲ. ಗುಜರಾತಿ ಗೆಳೆಯರಿಗೂ ತಮಿಳು ಗೆಳೆಯರಿಗೂ ಇಂಥದೇ ಒಂದೊಂದು ಇದ್ದೀತು.

ತಿಂಗಳ ಕೊನೆಯ ಶನಿವಾರ ಕ್ಲಬ್ಬಿನ ಸಭೆಯಿದೆ. 75 ನಿಮಿಷದ ಲೆಕ್ಕವನ್ನೂ ಜೊತೆಗಾರರ ಸರದಿಯನ್ನೂ ಒಂದು ಹಾಳೆಯಲ್ಲಿ ಮರಾಠಿಯಲ್ಲಿ, ಇಂಗ್ಲಿಷಿನಲ್ಲಿ ಬರೆದು ಕೊಡಲಿದ್ದೇವೆ. ಮೂರು ಗುಂಪುಗಳ ಪರವಾಗಿದ್ದವರಲ್ಲಿ ಇಬ್ಬರು ಈಗಾಗಲೇ ಲೆಕ್ಕ ಸರಿಯಿದೆಯೆಂದು ಒಪ್ಪಿದ್ದಾರೆ. ಒಬ್ಬರು ಮಾತ್ರ, ತಾವು ಮೂರೂವರೆ ತಾಸಿನ ಗುರಿಯವರೆಂದೂ ಸರದಿ ಹೊರಲಾರೆವೆಂದೂ ಖಂಡಿತವಾಗಿ ಹೇಳಿದ್ದಾರೆ. ಅವರಿಗೆ ಬದಲಾಗಿ ನಮ್ಮಲ್ಲೊಬ್ಬರು ಆ ಸರದಿಯನ್ನು ಹೊರುತ್ತಾರೆ. ಜುಲೈಯ ಮೊದಲ ಎರಡು ಭಾನುವಾರ ಅಕ್ಕನ ಜೊತೆ ಓಡಲು ನಾವೇ ಹೆಸರು ಬರೆದಿದ್ದೇವೆ. ಉಳಿದ ಭಾನುವಾರಗಳ ಸಾಲು ಇನ್ನೂ ಖಾಲಿಯಿದೆ. ಸಭೆಯಲ್ಲಿ ಹಾಳೆ ಕೈಯಿಂದ ಕೈಗೆ ಹೋಗುತ್ತದೆ.